ಕೈಯಳತೆಯಿಂದ ಪಾದರಸದ ಅಳತೆಗೆ

ಹಾಲಿಗೆ ಹೆಪ್ಪು ಹಾಕುವವರೂ ಬೆಲ್ಲದ ಪಾಕ ಹಿಡಿಯುವವರೂ ಬೆಣ್ಣೆ ಕಾಯಿಸಿ ತುಪ್ಪ ಮಾಡುವವರೂ ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ಕೆಲಸಕ್ಕೆ ತೊಡಗುವುದಿಲ್ಲ. ಹಾಲು ಉಗುರುಬೆಚ್ಚಗಾಯಿತೆಂಬುದನ್ನು ಬೆರಳು ತಿಳಿಸುತ್ತದೆ. ಪಾಕ ಬಂದಿತೆಂಬುದನ್ನು ಎರಡು ಬೆರಳುಗಳ ನಡುವೆ ಏಳುವ ಎಳೆ ತಿಳಿಸುತ್ತದೆ. ತುಪ್ಪ ಕಾದ ಹೊತ್ತನ್ನು ಮೂಗೂ ಕಿವಿಯೂ ಕೂಡಿ ತಿಳಿಸುತ್ತವೆ. ಈ ತಿಳಿವಿಗೆ ನಮ್ಮ ಭಾಷೆಯಲ್ಲಿ ‘ಹದ’ವೆಂಬ ಚೊಕ್ಕವಾದ ಹೆಸರುಂಟು. ಹದವನ್ನು ಬಲ್ಲವರು ಅದನ್ನು ಬಾಯಿಂದ ವಿವರಿಸಲಾರರು. ಕಲಿಯುವವರು ಒಲೆಯ ಮಗ್ಗುಲಲ್ಲಿ ಬಹುಕಾಲ ನಿಂತು, ಹಲವು ಸಲ ಕೆಡಿಸಿ, ಬೈಸಿಕೊಂಡು ಕಲಿಯಬೇಕು.

ಇಂಥ ಹದದ ಸ್ಥಾನದಲ್ಲಿ ಒಂದು ದಿನ ಅಂಕೆಯು ಬಂದು ಕುಳಿತರೆ ಏನಾಗುತ್ತದೆ? ಹಳೆಯ ತಿಳಿವೆಲ್ಲ ಸುಳ್ಳಾಗುವುದೇ? ಅದನ್ನು ಬಲ್ಲವರ ಗೌರವವು ಯಾರ ಪಾಲಾಗುವುದು? ಈ ಪ್ರಶ್ನೆಗಳಿಗೆ ಇತಿಹಾಸದಲ್ಲಿ ವಿಶದವಾದ ಉತ್ತರ ದೊರೆಯುವ ಎಡೆಗಳಲ್ಲಿ ಯೂರೋಪಿನ ಬಿಯರು ತಯಾರಿಕೆಯು ಒಂದು. ಆ ಪಾನೀಯದ ಗುಣದೋಷಗಳ ವಿಚಾರ ನಮಗೆ ಇಲ್ಲಿ ಪ್ರಸ್ತುತವಲ್ಲ. ಅದನ್ನು ಮುಟ್ಟದವರೂ ಈ ಕಥೆಯನ್ನು ಕೇಳಬಹುದು. ಏಕೆಂದರೆ ಇದು ಕುಡಿತದ ಕಥೆಯಲ್ಲ, ಅಳತೆಯ ಕಥೆ.

ಮೊದಲು ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೇಳಿಬಿಡುವುದು ಒಳ್ಳೆಯದು. ಬಾರ್ಲಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟು ಆಗುತ್ತದೆ. ಮಾಲ್ಟನ್ನು ತರಿತರಿಯಾಗಿ ಒಡೆದು ಬಿಸಿನೀರಿನಲ್ಲಿ ಕಲಸಿ, ಅಂಬಲಿಯಂತಾದ ಆ ಮಿಶ್ರವನ್ನು ಒಂದು ಗಂಟೆಯಷ್ಟು ಕಾಲ ಒಂದೇ ಬಿಸಿಯಲ್ಲಿ ಇರಿಸುತ್ತಾರೆ. ಆಗ ಕಾಳಿನ ಪಿಷ್ಟವು ಸಕ್ಕರೆಯಾಗುತ್ತದೆ. ಬಸಿದು ತೆಗೆದ ಸಿಹಿರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಹಂಡೆಯಲ್ಲಿ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿದರೆ ಕೆಲವು ದಿನಗಳಲ್ಲಿ ಅದು ಹುದುಗಿ ಬಿಯರಾಗುತ್ತದೆ. ಮೊಳಕೆ ಬರಿಸಿದ ರಾಗಿಯ ಹಿಟ್ಟನ್ನು ಸೇರಿಸಿದರೆ ದಪ್ಪವಾದ ಗಂಜಿ ನೋಡನೋಡುತ್ತಿದ್ದಂತೆ ತೆಳುವಾಗುವುದನ್ನು ನಮ್ಮ ತಾಯಂದಿರು ಬಲ್ಲರು. ಬಾರ್ಲಿಯ ಅಂಬಲಿಯಲ್ಲಿ ನಡೆಯುವುದೂ ಅದೇ ಬಗೆಯ ವ್ಯಾಪಾರ.

ಈ ಕ್ರಮದಲ್ಲಿ ಉಷ್ಣವು ಎರಡು ಕಡೆ ತನ್ನ ಅಧಿಕಾರವನ್ನು ನಡೆಸುತ್ತದೆ. ಮೊದಲನೆಯದು ಅಂಬಲಿಯಲ್ಲಿ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಮಾಲ್ಟಿನಲ್ಲಿ ಮುಖ್ಯವಾಗಿ ಎರಡು. ಒಂದು, ಸೆಂಟಿಗ್ರೇಡ್ ಮಾನದ 60ರಿಂದ 65 ಡಿಗ್ರಿಗಳ ನಡುವೆ ಚುರುಕಾಗಿದ್ದು, ಯೀಸ್ಟಿಗೆ ಸುಲಭವಾಗಿ ಜೀರ್ಣವಾಗುವ ಸಕ್ಕರೆಯನ್ನು ಕೊಡುತ್ತದೆ. 70ನ್ನು ದಾಟಿದರೆ ಬೇಗನೆ ನಾಶವಾಗುತ್ತದೆ. ಇನ್ನೊಂದು, 70ರ ಆಸುಪಾಸಿನಲ್ಲಿ ಹುರುಪುಗೊಂಡು, ಪಿಷ್ಟದ ಸರಪಣಿಯನ್ನು ನಡುನಡುವೆ ತುಂಡರಿಸಿ, ಯೀಸ್ಟು ತಿನ್ನಲಾರದ ತುಣುಕುಗಳನ್ನೂ ಉಳಿಸುತ್ತದೆ. ಆದುದರಿಂದ 63 ಡಿಗ್ರಿಯಲ್ಲಿ ನಿಂತ ಅಂಬಲಿಯಿಂದ ತೆಳುವಾದ, ಅಮಲು ಹೆಚ್ಚಿದ ಪಾನೀಯವೂ, 69ರಲ್ಲಿ ನಿಂತ ಅಂಬಲಿಯಿಂದ ಮೈತುಂಬಿದ, ಸಿಹಿಯುಳಿದ ಪಾನೀಯವೂ ದೊರೆಯುತ್ತವೆ. ಧಾನ್ಯ ಒಂದೇ, ನೀರು ಒಂದೇ. ಆರು ಡಿಗ್ರಿಗಳ ಅಂತರದಲ್ಲಿ ಬೇರೆ ಬೇರೆ ಎರಡು ವಸ್ತುಗಳು! 80ನ್ನು ಮುಟ್ಟಿದರೆ ಕಿಣ್ವಗಳೆರಡೂ ಸತ್ತು, ಅಂಬಲಿಯು ಅಂಬಲಿಯಾಗಿಯೇ ಉಳಿದುಬಿಡುತ್ತದೆ. ಎರಡನೆಯ ಅಧಿಕಾರ ಹುದುಗುವಾಗ. ಯೀಸ್ಟು ಜೀವವುಳ್ಳದ್ದು; ತಣ್ಣಗಾದರೆ ಮಲಗುತ್ತದೆ, ಬಿಸಿಯಾದರೆ ಹದ್ದುಮೀರಿ ಓಡಿ ಕಟುವಾದ ವಾಸನೆಗಳನ್ನು ಹುಟ್ಟಿಸುತ್ತದೆ.

ಹೀಗಿರಲು, ಡಿಗ್ರಿಯೆಂಬ ಮಾತೇ ಹುಟ್ಟಿರದಿದ್ದ ಸಾವಿರಾರು ವರ್ಷಗಳ ಕಾಲ ಜನರು ಈ ಕೆಲಸವನ್ನು ನಡೆಸಿದ್ದಾದರೂ ಹೇಗೆ? ನಮ್ಮ ಕಥೆಯ ಸ್ವಾರಸ್ಯ ಇಲ್ಲಿಂದ ಮೊದಲಾಗುತ್ತದೆ.

ಇಂಗ್ಲೆಂಡಿನ ತಯಾರಕರು ನೀರನ್ನು ಕುದಿಸಿ ತೊಟ್ಟಿಗೆ ಬಿಟ್ಟು ಕಾಯುತ್ತಿದ್ದರು. ದಟ್ಟವಾದ ಹಬೆ ಹರಿದು, ನೀರಿನ ಮೇಲೆ ಬಾಗಿದವನಿಗೆ ತನ್ನ ಮುಖ ಕಂಡಾಗ ಮಾಲ್ಟನ್ನು ಸುರಿಯುತ್ತಿದ್ದರು. ಕೈಯನ್ನು ಅದ್ದಿ ನೋಡುವವರೂ ಇದ್ದರು. ಕುದಿನೀರಿಗೆ ಇಷ್ಟು ಪಾಲು ತಣ್ಣೀರೆಂದು ಲೆಕ್ಕವಿಟ್ಟು ಬೆರೆಸುವವರೂ ಇದ್ದರು. ಈ ಕೊನೆಯ ಉಪಾಯವನ್ನು ಹಗುರವಾಗಿ ಎಣಿಸಬಾರದು. ನೀರು ಕುದಿಯುವ ಬಿಸಿಯು ಒಂದು ಸ್ಥಳದಲ್ಲಿ ಹೆಚ್ಚುಕಡಮೆ ಸ್ಥಿರವಾದದ್ದು. ಆಳವಾದ ಬಾವಿಯ ನೀರಿನ ತಂಪೂ ವರ್ಷವಿಡೀ ಬಹುವಾಗಿ ಬದಲಾಗದು. ಎರಡು ಕೊಡ ಕುದಿನೀರಿಗೆ 15 ಡಿಗ್ರಿಯ ತಣ್ಣೀರು ಒಂದು ಕೊಡ ಸೇರಿದರೆ ಮಿಶ್ರವು 72 ಡಿಗ್ರಿಯ ಸಮೀಪದಲ್ಲಿ ನಿಲ್ಲುತ್ತದೆ. ಅಂಥ ನೀರು ಮೂರು ಪಾಲಿಗೆ ಮಾಲ್ಟು ಒಂದು ಪಾಲು ಬಿದ್ದರೆ ಅಂಬಲಿಯ ಬಿಸಿ 66ರ ಎಡೆಗೆ ಇಳಿಯುತ್ತದೆ. ಇದೇ ನಾವು ಬಯಸಿದ ಸ್ಥಾನ! ಪ್ರಕೃತಿಯೇ ಕೊಟ್ಟ ಎರಡು ಸ್ಥಿರಬಿಂದುಗಳನ್ನು ಹಿಡಿದು, ನಡುವಣ ಬಿಂದುವನ್ನು ಕೊಡದ ಲೆಕ್ಕದಿಂದ ಅವರು ಸಾಧಿಸಿದ್ದರು.

ಬವೇರಿಯ ಮತ್ತು ಬೊಹಿಮಿಯ ಪ್ರಾಂತಗಳವರ ಪದ್ಧತಿ ಇದಕ್ಕಿಂತಲೂ ನಯವಾದದ್ದು. ಅವರು ಬೆಚ್ಚಗಿನ ಅಂಬಲಿಯಿಂದ ಮೂರರಲ್ಲಿ ಒಂದು ಪಾಲನ್ನು ತೆಗೆದು, ಬೇರೆ ಹಂಡೆಯಲ್ಲಿ ಕುದಿಸಿ, ಮತ್ತೆ ತೊಟ್ಟಿಗೆ ಸುರಿಯುತ್ತಿದ್ದರು. 35 ಡಿಗ್ರಿಯ ಅಂಬಲಿ ಆಗ 50ನ್ನು ದಾಟುತ್ತದೆ. ಇದನ್ನೇ ಎರಡನೆಯ ಸಲ ಮಾಡಿದರೆ 64ರ ಹತ್ತಿರಕ್ಕೂ, ಮೂರನೆಯ ಸಲ ಮಾಡಿದರೆ 75ರ ಹತ್ತಿರಕ್ಕೂ ಏರುತ್ತದೆ. ಇಂದಿನ ರಸಾಯನಶಾಸ್ತ್ರವು ಕಿಣ್ವಗಳಿಗೆ ಹಿತವೆಂದು ಹೇಳುವ ಮೆಟ್ಟಿಲುಗಳು ಇವೇ. ಆ ಮೆಟ್ಟಿಲುಗಳನ್ನು ಕಟ್ಟಿದವರು ಯಾವ ಡಿಗ್ರಿಯನ್ನೂ ಕಂಡವರಲ್ಲ. ಉತ್ತರ ಯೂರೋಪಿನ ಹಳ್ಳಿಗಳಲ್ಲಾದರೋ ಪಾತ್ರೆಗಳು ಮರದವು, ಒಲೆಯ ಮೇಲೆ ಇಡಬಾರದವು. ಅಲ್ಲಿಯವರು ಕಲ್ಲುಗಳನ್ನು ಕೆಂಪಗೆ ಕಾಯಿಸಿ ದ್ರವದೊಳಕ್ಕೆ ಇಳಿಯಬಿಡುತ್ತಿದ್ದರು. ನಾರ್ವೆಯ ರೈತರು ಯೀಸ್ಟು ಬೆರೆಸುವ ಹೊತ್ತನ್ನು ಆಗತಾನೆ ಕರೆದ ಹಾಲಿನ ಬಿಸಿಗೆ ಹೋಲಿಸಿ ಹೇಳುತ್ತಿದ್ದರು. ಹಸುವಿನ ಮೈಬಿಸಿ ಎಲ್ಲ ಕಾಲಕ್ಕೂ ಒಂದೇ ಆದುದರಿಂದ ಅದೂ ಒಂದು ಮಾಪಕವೇ ಸರಿ.

ಹಾಗಾದರೆ ಈ ಉಪಾಯಗಳ ಕೊರತೆಯೇನು? ನೀರಿನಲ್ಲಿ ಮುಖ ಕಾಣುವ ಲಕ್ಷಣವನ್ನೇ ವಿಚಾರಿಸಿ ನೋಡೋಣ. ಹಬೆಯೆಂದು ಕಣ್ಣಿಗೆ ತೋರುವುದು ತಣ್ಣಗಿನ ಗಾಳಿಯಲ್ಲಿ ಹೆಪ್ಪುಗಟ್ಟಿದ ಸೂಕ್ಷ್ಮ ಹನಿಗಳು. ಚಳಿಯೂ ಥಂಡಿಯೂ ಇರುವ ದಿನ ಹಬೆ ಬಹಳ ಹೊತ್ತು ಕವಿದಿರುತ್ತದೆ, ತಯಾರಕನು ಬಹಳ ಹೊತ್ತು ಕಾಯುತ್ತಾನೆ, ಅಷ್ಟರಲ್ಲಿ ನೀರು ಆರಿಹೋಗಿರುತ್ತದೆ. ಒಣಹವೆಯ ದಿನ ಮುಖ ಬೇಗನೆ ಕಾಣುತ್ತದೆ, ನೀರು ಇನ್ನೂ ಸುಡುತ್ತಿರುತ್ತದೆ. ಎಂದರೆ, ಆ ಕನ್ನಡಿಯು ನೀರಿನ ಬಿಸಿಯನ್ನಲ್ಲದೆ ಆ ದಿನದ ಹವೆಯನ್ನೂ ಕೂಡಿಸಿ ಅಳೆಯುತ್ತಿತ್ತು. ಕೈಯ ಸಾಕ್ಷ್ಯವೂ ಹಾಗೆಯೇ: ಚಳಿಯಲ್ಲಿ ನಡೆದುಬಂದ ಕೈಗೆ ಸುಡುವ ನೀರು ಒಲೆಯ ಮುಂದಿನ ಕೈಗೆ ಹಿತವಾಗಿರಬಹುದು. ಕುದಿಯುವ ಬಿಂದುವೂ ಎಲ್ಲೆಡೆ ಒಂದೇ ಅಲ್ಲ. ಬೆಂಗಳೂರಿನಷ್ಟು ಎತ್ತರದ ಊರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದುದರಿಂದ ಒಂದೂರಿನ ಲೆಕ್ಕ ಇನ್ನೊಂದೂರಿಗೆ ಹಾಗೆಯೇ ಹೊಂದದು; ಗುರುವಿನ ಕೈಯ ಹದವು ಶಿಷ್ಯನ ಕೈಗೆ ಪೂರ್ತಿಯಾಗಿ ಇಳಿಯದು. ಒಂದು ಕೊಪ್ಪರಿಗೆ ಚೆನ್ನಾಗಿ, ಮತ್ತೊಂದು ಕೊಪ್ಪರಿಗೆ ಕೆಟ್ಟು ಬಂದರೆ, ಕಾರಣವನ್ನು ಹುಡುಕುವ ದಾರಿಯೇ ಇರಲಿಲ್ಲ.

ಹುದುಗುವ ಘಟ್ಟದಲ್ಲಂತೂ ಮನುಷ್ಯನಿಗೆ ಇದ್ದ ರಕ್ಷಣೆ ಪಂಚಾಂಗವೊಂದೇ. ಬವೇರಿಯದ ಡ್ಯೂಕ್ 5ನೆಯ ಆಲ್ಬ್ರೆಕ್ಟನು 1553ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ವರೆಗೆ ಬಿಯರು ತಯಾರಿಸಕೂಡದೆಂದು ವಿಧಿಸಿದನು. ಬೇಸಗೆಯಲ್ಲಿ ಮಾಡಿದ್ದು ಹುಳಿತು ಕೆಡುತ್ತಿದ್ದುದೇ ಇದಕ್ಕೆ ಕಾರಣ. ಚಳಿಗಾಲದ ಕೊನೆಯಲ್ಲಿ ಮಾಡಿದುದನ್ನು ನೆಲಮಾಳಿಗೆಗಳಲ್ಲಿ, ಕೆರೆಗಳಿಂದ ಕೊಯ್ದು ತಂದ ಮಂಜುಗಡ್ಡೆಯ ನಡುವೆ ಕಾಪಾಡುತ್ತಿದ್ದರು; ನೆಲಮಾಳಿಗೆಯ ಮೇಲೆ ಬಿಸಿಲು ಬೀಳದಂತೆ ಮರಗಳನ್ನು ನೆಡುತ್ತಿದ್ದರು. ಉಷ್ಣವನ್ನು ಆಳಲು ಆಗದಿದ್ದುದರಿಂದ ಋತುವಿಗೆ ತಲೆಬಾಗಿದರು.

ಡೇನಿಯಲ್ ಗೇಬ್ರಿಯಲ್ ಫಾರನ್‌ಹೀಟನು ನಂಬಿಕೆಗೆ ಅರ್ಹವಾದ ಪಾದರಸದ ಉಷ್ಣಮಾಪಕವನ್ನು ರಚಿಸಿದ್ದು 1714ರಲ್ಲಿ. ಆದರೆ ಅದು ಬಿಯರು ಕಾರ್ಖಾನೆಯ ಹೊಸ್ತಿಲನ್ನು ದಾಟಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಇಂಗ್ಲೆಂಡಿನ ಬಿಯರು ತಯಾರಕನಾದ ಮೈಕೇಲ್ ಕೋಂಬ್ರೂನನು 1758ರಲ್ಲಿ ಒಂದು ಪ್ರಬಂಧವನ್ನೂ, 1762ರಲ್ಲಿ ಈ ವಿದ್ಯೆಯ ತತ್ತ್ವ ಪ್ರಯೋಗಗಳನ್ನು ಕುರಿತು ದೊಡ್ಡ ಗ್ರಂಥವನ್ನೂ ಪ್ರಕಟಿಸಿ, ಉಷ್ಣಮಾಪಕವಿಲ್ಲದೆ ಈ ಕೆಲಸಕ್ಕೆ ಕೈಯಿಡಬಾರದೆಂದು ವಾದಿಸಿದನು. ಮಾಲ್ಟನ್ನು ಯಾವ ಬಿಸಿಯಲ್ಲಿ ಒಣಗಿಸಿದರೆ ಯಾವ ಬಣ್ಣ ಬರುವುದೆಂದು ಡಿಗ್ರಿಗಳ ಪಟ್ಟಿಯನ್ನೇ ಬರೆದನು. ಅವನ ಸಿದ್ಧಾಂತಗಳಲ್ಲಿ ಹಲವು ಮುಂದೆ ನಿಲ್ಲಲಿಲ್ಲ. ಅವನು ಹಾಕಿಕೊಟ್ಟ ಕ್ರಮ ನಿಂತಿತು.

ಈ ಕ್ರಮವನ್ನು ಹಿಡಿದವರಿಗೆ ಮನ್ನಣೆ ಸುಲಭವಾಗಿ ಸಿಕ್ಕಲಿಲ್ಲ. ಹ್ಯಾಂಪ್‌ಷೈರಿನ ಆಲ್ಟನ್ ಎಂಬ ಪಟ್ಟಣದಲ್ಲಿ ಜೇಮ್ಸ್ ಬ್ಯಾವರ್‌ಸ್ಟಾಕ್ ಎಂಬ ತರುಣನು 1760ರ ದಶಕದಲ್ಲಿ ತಂದೆಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದನು. ಅವನು ಉಷ್ಣಮಾಪಕವನ್ನು ಪ್ರಯೋಗಿಸಲು ಬಯಸಿದನು. ತಂದೆಗೆ ಈ ಹೊಸ ಪದ್ಧತಿ ಸರಿಬೀಳಲಿಲ್ಲ. ಮಗನು ಆ ಗಾಜಿನ ಕಡ್ಡಿಯನ್ನು ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ತೊಟ್ಟಿಯ ಬಿಸಿಯನ್ನು ಅಳೆಯಬೇಕಾಯಿತು! ಈ ಸಂಗತಿಯನ್ನು ಓದಿ ನಗುವುದು ಸುಲಭ. ಆದರೆ ತಂದೆಯ ಸ್ಥಾನದಲ್ಲಿ ನಿಂತು ಒಂದು ಗಳಿಗೆ ಯೋಚಿಸಬೇಕು. ಜೀವಮಾನದ ದುಡಿಮೆಯಿಂದ ಗಳಿಸಿದ ಹದವನ್ನು ಒಂದು ಗಾಜಿನ ನಳಿಗೆ ಪರೀಕ್ಷೆಗೆ ಒಡ್ಡುವುದೆಂದರೆ ಯಾವ ಕುಶಲಿಗಾದರೂ ನೋವಾಗದಿರದು. ಅಲ್ಲದೆ, ಹದವು ಅವನ ಆಸ್ತಿ. ಅದು ಇನ್ನೊಬ್ಬರ ಕೈಸೇರದಿರುವುದೇ ಅವನ ಬೆಲೆ. ಅಂಕೆಯಾದರೋ ಬರೆದಿಡುವಂಥದು, ಬರೆದಿಟ್ಟುದನ್ನು ಕೂಲಿಯಾಳೂ ಓದಿ ನಡೆಸಬಲ್ಲನು.

ಬ್ಯಾವರ್‌ಸ್ಟಾಕನು ಅಲ್ಲಿಗೇ ನಿಲ್ಲದೆ, 1768ರ ಸುಮಾರಿಗೆ ದ್ರವಮಾಪಕವನ್ನು, ಎಂದರೆ ರಸದಲ್ಲಿ ತೇಲಿ ಅದರ ಸಾಂದ್ರತೆಯನ್ನು ತೋರುವ ಸಾಧನವನ್ನು, ಕೈಗೆ ತೆಗೆದುಕೊಂಡನು. ಸಿಹಿರಸದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ಮೇಲೆ ತೇಲುತ್ತದೆ. ಇದನ್ನು ಅವನು ಲಂಡನ್ನಿನ ಪ್ರಸಿದ್ಧ ಉದ್ಯಮಿ ಸ್ಯಾಮ್ಯುಅಲ್ ವಿಟ್‌ಬ್ರೆಡ್ಡನಿಗೆ ತೋರಿಸಲು ಹೋದನು. ವಿಟ್‌ಬ್ರೆಡ್ಡನು, ಇಂಥ ಕನಸುಗಳ ಬೆನ್ನು ಹತ್ತದೆ ಊರಿಗೆ ಹೋಗಿ ನಿನ್ನ ಕಸುಬನ್ನು ನೋಡಿಕೋ ಎಂಬರ್ಥದ ಬುದ್ಧಿವಾದವನ್ನು ಹೇಳಿ ಕಳುಹಿಸಿಬಿಟ್ಟನಂತೆ. ಡಾಕ್ಟರ್ ಜಾನ್ಸನ್ನನ ಮಿತ್ರನೂ ಸದರ್ಕ್ ಪ್ರದೇಶದ ದೊಡ್ಡ ಕಾರ್ಖಾನೆಯ ಒಡೆಯನೂ ಆಗಿದ್ದ ಹೆನ್ರಿ ಥ್ರೇಲನು ಮಾತ್ರ ಆದರದಿಂದ ಕೇಳಿದನು. ಮುಂದೆ 1784ರಲ್ಲಿ ಹಲ್ ನಗರದ ಜಾನ್ ರಿಚರ್ಡ್‌ಸನ್ ಇದೇ ಸಾಧನಕ್ಕೆ ಸಕ್ಕರೆಮಾಪಕವೆಂದು ಹೆಸರಿಟ್ಟು ಗ್ರಂಥ ಬರೆದನು. ಮರುವರ್ಷ ಬ್ಯಾವರ್‌ಸ್ಟಾಕನ ಗ್ರಂಥವೂ ಹೊರಬಂದಿತು.

ಅಳತೆಯು ಬಂದ ಕೂಡಲೆ ಒಂದು ಹಳೆಯ ನಂಬಿಕೆ ಮುರಿದುಬಿದ್ದಿತು. ಲಂಡನ್ನಿನ ಪೋರ್ಟರ್ ಎಂಬ ಕಪ್ಪು ಬಿಯರನ್ನು ಕಂದುಬಣ್ಣದ ಮಾಲ್ಟಿನಿಂದ ಮಾಡುತ್ತಿದ್ದರು. ಅದು ಅಗ್ಗದ ಮಾಲ್ಟು. ಸಕ್ಕರೆಮಾಪಕವನ್ನು ತೇಲಿಸಿ ನೋಡಿದಾಗ, ದುಬಾರಿಯೆಂದು ದೂರವಿಟ್ಟಿದ್ದ ತಿಳಿಬಣ್ಣದ ಮಾಲ್ಟಿನಿಂದ ಎಷ್ಟೋ ಹೆಚ್ಚು ಸಕ್ಕರೆ ಇಳಿಯುವುದೆಂದೂ, ಲೆಕ್ಕ ಹಾಕಿದರೆ ಅದೇ ಲಾಭಕರವೆಂದೂ ತಿಳಿಯಿತು. ತಯಾರಕರೆಲ್ಲ ತಿಳಿ ಮಾಲ್ಟಿನ ಕಡೆ ತಿರುಗಿದರು. ಆಗ ಪೋರ್ಟರಿನ ಕಪ್ಪು ಬಣ್ಣ ಎಲ್ಲಿಂದ ಬರಬೇಕು? 1817ರಲ್ಲಿ ಡೇನಿಯಲ್ ವೀಲರನು ಮಾಲ್ಟನ್ನು ಪೀಪಾಯಿಯಂಥ ಉರುಳೆಯಲ್ಲಿ ಕಪ್ಪಾಗುವಂತೆ ಹುರಿಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದು ಈ ತೊಡಕನ್ನು ಬಿಡಿಸಿದನು. ಒಂದು ತೇಲುಗಡ್ಡಿಯ ದೆಸೆಯಿಂದ ಒಂದು ಪಾನೀಯದ ಮೂಲಧಾನ್ಯವೇ ಬದಲಾಯಿತು.

ಇಂಗ್ಲೆಂಡಿನವರ ಈ ಅಳತೆಯ ವಿದ್ಯೆಯನ್ನು ಕಲಿಯಲು ಹೊರದೇಶದವರು ಬರತೊಡಗಿದರು. 1833ರಲ್ಲಿ ಮ್ಯೂನಿಕ್ಕಿನ ಗೇಬ್ರಿಯಲ್ ಸೆಡ್ಲ್‌ಮಾಯರನೂ ವಿಯೆನ್ನಾ ಬಳಿಯ ಆಂಟನ್ ಡ್ರೆಹರನೂ ಇಂಗ್ಲೆಂಡಿನ ಕಾರ್ಖಾನೆಗಳನ್ನು ಸುತ್ತಿದರು. ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕುತ್ತಿರಲಿಲ್ಲವಾಗಿ, ಅವರು ಒಳಗೆ ಟೊಳ್ಳಾಗಿ ತುದಿಯಲ್ಲಿ ಕವಾಟವಿದ್ದ ಊರುಗೋಲನ್ನು ಮಾಡಿಸಿಕೊಂಡಿದ್ದರು. ತೊಟ್ಟಿಯ ಪಕ್ಕದಲ್ಲಿ ನಡೆಯುತ್ತ ಕೋಲನ್ನು ರಸದಲ್ಲಿ ಅದ್ದಿದರೆ ಒಳಗೆ ತುಂಬಿಕೊಳ್ಳುತ್ತಿತ್ತು. ಬಿಡಾರಕ್ಕೆ ಹಿಂದಿರುಗಿ ಅದನ್ನು ಸಕ್ಕರೆಮಾಪಕದಿಂದ ಪರೀಕ್ಷಿಸುತ್ತಿದ್ದರು. ಮಾಡಿದ್ದು ಕಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕದಿಯಲು ಸಾಧ್ಯವಾದದ್ದು ಏನೆಂಬುದನ್ನು ಗಮನಿಸಬೇಕು. ಹದವನ್ನು ಊರುಗೋಲಿನಲ್ಲಿ ತುಂಬಿಕೊಂಡು ಹೋಗಲು ಆಗುತ್ತಿರಲಿಲ್ಲ. ಅಂಕೆಯನ್ನು ಒಯ್ಯಲು ಆಯಿತು. ಈ ಇಬ್ಬರೇ ಮುಂದೆ ತಮ್ಮ ನಾಡುಗಳಲ್ಲಿ ತಂಪಾಗಿ ಹುದುಗಿಸುವ ಲಾಗರ್ ಬಿಯರಿಗೆ ಹೊಸ ರೂಪ ಕೊಟ್ಟರು.

ಅಂಕೆಯು ‘ಎಷ್ಟು’ ಎಂಬುದನ್ನು ತಿಳಿಸಿತು. ‘ಏಕೆ’ ಎಂಬುದನ್ನು ತಿಳಿಸಿರಲಿಲ್ಲ. ಅದೇ 1833ರಲ್ಲಿ ಪ್ಯಾರಿಸ್ಸಿನಲ್ಲಿ ಪೇಯೆನ್ ಮತ್ತು ಪರ್ಸೋ ಎಂಬ ವಿಜ್ಞಾನಿಗಳು ಮಾಲ್ಟಿನಿಂದ ಪಿಷ್ಟವನ್ನು ಒಡೆಯುವ ದ್ರವ್ಯವನ್ನು ಬೇರ್ಪಡಿಸಿ ಅದನ್ನು ಡಯಾಸ್ಟೇಸ್ ಎಂದು ಕರೆದರು. ಕಿಣ್ವವೊಂದನ್ನು ಹೀಗೆ ಪ್ರತ್ಯೇಕಿಸಿದ್ದು ಅದೇ ಮೊದಲು. ಮುಖ ಕಾಣುವ ವರೆಗೆ ಕಾದವರೂ ಮೂರು ಸಲ ಅಂಬಲಿಯನ್ನು ಕುದಿಸಿ ಸುರಿದವರೂ ಯಾವ ಅದೃಶ್ಯ ಶಕ್ತಿಗೆ ಉಪಚಾರ ಮಾಡುತ್ತಿದ್ದರೆಂಬುದು ಆಗ ಬೆಳಕಿಗೆ ಬಂದಿತು.

ಬಿಯರಿನ ತೊಟ್ಟಿಯಲ್ಲಿ ಹುಟ್ಟಿದ ಸೂಕ್ಷ್ಮತೆಯು ತನ್ನ ಸಾಲವನ್ನು ವಿಜ್ಞಾನಕ್ಕೆ ಮರಳಿಸಿದ್ದೂ ಉಂಟು. ಯಂತ್ರಶ್ರಮಕ್ಕೂ ಉಷ್ಣಕ್ಕೂ ಇರುವ ಸಮೀಕರಣವನ್ನು ಸ್ಥಾಪಿಸಿದ ಜೇಮ್ಸ್ ಪ್ರೆಸ್ಕಾಟ್ ಜೂಲನು 1818ರಲ್ಲಿ ಸಾಲ್ಫರ್ಡಿನ ಬಿಯರು ತಯಾರಕರ ಮನೆಯಲ್ಲಿ ಹುಟ್ಟಿದವನು. ಆ ಕಾರ್ಖಾನೆಯಲ್ಲಿಯೇ ಕೆಲಸ ಮಾಡಿದವನು. 1840ರ ದಶಕದಲ್ಲಿ ಅವನು ನೀರನ್ನು ಚಕ್ರದಿಂದ ಕಲಕಿ, ಫಾರನ್‌ಹೀಟ್ ಡಿಗ್ರಿಯ 200ರಲ್ಲಿ ಒಂದು ಪಾಲನ್ನು ಗುರುತಿಸುವಷ್ಟು ನಾಜೂಕಾಗಿ ಉಷ್ಣವನ್ನು ಅಳೆಯಬಲ್ಲೆನೆಂದಾಗ ವಿದ್ವಾಂಸರು ನಂಬಲು ಹಿಂಜರಿದರು. ತೊಟ್ಟಿಯ ಬಿಸಿಯೇ ಹಣದ ಲಾಭನಷ್ಟವಾಗಿದ್ದ ಮನೆಯಲ್ಲಿ ಬೆಳೆದವನಿಗೆ ಉಷ್ಣಮಾಪಕವನ್ನು ಓದುವ ಕಣ್ಣು ಹೇಗೆ ಬಂದಿತೆಂದು ನಾವು ಆಶ್ಚರ್ಯಪಡಬೇಕಾಗಿಲ್ಲ. ಆಮ್ಲತೆಯನ್ನು ಅಳೆಯುವ ಪಿ. ಎಚ್. ಮಾನವನ್ನು ಸೋರೆನ್‌ಸೆನ್ 1909ರಲ್ಲಿ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಂಬುದೂ ಇದಕ್ಕೆ ಒಡವೆಯಾಗಿ ಸೇರಬೇಕಾದ ಮಾತು.

ಇನ್ನು ಹುದುಗುವಿಕೆಯ ಉಷ್ಣವನ್ನು ಆಳಿದ ಬಗೆ. ಸಕ್ಕರೆಯನ್ನು ತಿನ್ನುವಾಗ ಯೀಸ್ಟು ತಾನೇ ಬಿಸಿಯನ್ನು ಹುಟ್ಟಿಸುತ್ತದೆ. ಸಣ್ಣ ಮಡಕೆಯಲ್ಲಿ ಆ ಬಿಸಿ ಹೊರಗೆ ಹರಿದುಹೋಗುತ್ತದೆ. ದೊಡ್ಡ ತೊಟ್ಟಿಯಲ್ಲಾದರೆ ಒಡಲು ಬೆಳೆದಷ್ಟು ಹೊರಮೈ ಬೆಳೆಯದ ಕಾರಣ ಬಿಸಿಯು ಒಳಗೇ ಕೂಡಿಕೊಂಡು, ಹತ್ತು ಡಿಗ್ರಿಗೂ ಮೇಲೆ ಏರಬಲ್ಲದು. ಆದಕಾರಣ ಉದ್ಯಮವು ದೊಡ್ಡದಾದಂತೆಲ್ಲ ಅಪಾಯವೂ ದೊಡ್ಡದಾಯಿತು. ತೊಟ್ಟಿಯೊಳಗೆ ಸುರುಳಿ ಕೊಳವೆಗಳನ್ನಿಟ್ಟು ತಣ್ಣೀರನ್ನು ಹರಿಸಿ ಬಿಸಿಯನ್ನು ಕಳೆಯುವ ಉಪಾಯವನ್ನು ಇಂಗ್ಲೆಂಡಿನವರು ಕಂಡುಕೊಂಡರು. 1871ರಲ್ಲಿ ಲೂಯಿ ಪ್ಯಾಸ್ಟರನು ಲಂಡನ್ನಿಗೆ ಬಂದು, ವಿಟ್‌ಬ್ರೆಡ್ ಕಾರ್ಖಾನೆಯ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಬೆರೆತಿದ್ದ ಅನ್ಯಜೀವಿಗಳನ್ನು ತೋರಿಸಿಕೊಟ್ಟನು. ಒಂದು ಶತಮಾನದ ಹಿಂದೆ ದ್ರವಮಾಪಕವನ್ನು ಕನಸೆಂದು ತಳ್ಳಿದ ಮನೆ, ಈ ಸಲ ಒಡನೆಯೇ ಸೂಕ್ಷ್ಮದರ್ಶಕವನ್ನು ಕೊಂಡಿತು! ಪ್ಯಾಸ್ಟರನ ಬಿಯರು ಗ್ರಂಥ 1876ರಲ್ಲಿ ಪ್ರಕಟವಾಯಿತು. ಕಾರ್ಲ್ಸ್‌ಬರ್ಗಿನ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದನು.

ಋತುವಿನ ಸೆರೆಯನ್ನು ಕಳಚಿದವನು ಕಾರ್ಲ್ ಲಿಂಡೆ. ಅವನ ಶೈತ್ಯಯಂತ್ರದ ಮೊದಲ ಪ್ರಯೋಗಗಳು ಮ್ಯೂನಿಕ್ಕಿನಲ್ಲಿ ನಡೆದದ್ದು ಅದೇ ಸೆಡ್ಲ್‌ಮಾಯರನ ಸ್ಪಾಟೆನ್ ಕಾರ್ಖಾನೆಯಲ್ಲಿ, 1873ರಲ್ಲಿ. ಮುಂದಿನ ಸುಧಾರಿಸಿದ ಯಂತ್ರವು ಡ್ರೆಹರ್ ಮನೆತನದವರ ಟ್ರಿಯೆಸ್ಟ್ ಕಾರ್ಖಾನೆಗೆ ಹೋಯಿತು. ಊರುಗೋಲಿನಲ್ಲಿ ರಸವನ್ನು ಕದ್ದ ಇಬ್ಬರ ಮನೆಗಳೇ ಜಗತ್ತಿಗೆ ಕೃತಕ ಶೈತ್ಯವನ್ನು ಒದಗಿಸುವ ಕಾರ್ಯಕ್ಕೆ ಆಸರೆಯಾದುವು. ನಾವು ಇಂದು ಹಾಲನ್ನೂ ಔಷಧಿಯನ್ನೂ ಇರಿಸುವ ಶೀತಪೆಟ್ಟಿಗೆಯ ವಂಶಾವಳಿಯಲ್ಲಿ ಈ ಯಂತ್ರಗಳು ಸೇರಿವೆ.

ಉಷ್ಣದ ಈ ಅಧಿಕಾರಕ್ಕೆ ನಮ್ಮ ಸೀಮೆಯೂ ಸಾಕ್ಷಿಯಾಗಿದೆ. ಇಂಡಿಯಾದಲ್ಲಿ ಬ್ರಿಟಿಷರು ಮೊದಲು ಕಟ್ಟಿದ ಬಿಯರು ಕಾರ್ಖಾನೆಗಳು ಬಯಲುಸೀಮೆಯಲ್ಲಿರದೆ ಕಸೌಲಿ, ಮರ್ರಿ, ನೀಲಗಿರಿ ಮೊದಲಾದ ಬೆಟ್ಟಗಳ ಮೇಲೆ ತಲೆಯೆತ್ತಿದುವು. ಯಂತ್ರಶೈತ್ಯವಿಲ್ಲದ ಕಾಲದಲ್ಲಿ ಉಷ್ಣವನ್ನು ಇಳಿಸುವ ಮಾರ್ಗವೆಂದರೆ ಬೆಟ್ಟವನ್ನು ಏರುವುದೇ ಆಗಿತ್ತು. ನೀಲಗಿರಿಯ ಕ್ಯಾಸಲ್ ಕಾರ್ಖಾನೆ 1857ರದು. ಬೆಂಗಳೂರಿನ ಕಂಪನಿ 1885ರದು. ಇವೂ ಇನ್ನು ಕೆಲವೂ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಎಂಬ ಹೆಸರಿನಲ್ಲಿ ಒಂದುಗೂಡಿದುವು.

ಕಥೆಯ ಇನ್ನೊಂದು ಎಳೆಯನ್ನು ಈಗ ಹಿಡಿಯಬೇಕು. ಇಂಗ್ಲೆಂಡಿನಲ್ಲಿ ಬಿಯರು ಮೂಲತಃ ಮನೆವಾರ್ತೆಯ ವಸ್ತು. ಮಧ್ಯಯುಗದಲ್ಲಿ ಅದನ್ನು ತಯಾರಿಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ವ್ಯಾಪಾರ ಬೆಳೆದು ಕೊಪ್ಪರಿಗೆಗಳು ದೊಡ್ಡವಾದಂತೆ, ಉಷ್ಣಮಾಪಕವು ಬರುವುದಕ್ಕೆ ಬಹು ಮುಂಚೆಯೇ, ಕೆಲಸವು ಬಂಡವಾಳವುಳ್ಳ ಗಂಡಸರ ಕೈಸೇರಿತ್ತು. ಅಳತೆಯ ಸಾಧನಗಳು ಆ ಅಂತರವನ್ನು ಇನ್ನಷ್ಟು ಅಗಲ ಮಾಡಿದುವು. ಸರಕಾರಕ್ಕೂ ಅಂಕೆಯ ರುಚಿ ಹತ್ತಿತು. 1880ರಲ್ಲಿ ಗ್ಲಾಡ್‌ಸ್ಟನ್ನನು ಮಾಲ್ಟಿನ ಮೇಲಿನ ಸುಂಕವನ್ನು ತೆಗೆದು, ಸಿಹಿರಸದ ಸಾಂದ್ರತೆಯ ಮೇಲೆಯೇ ಸುಂಕವನ್ನು ವಿಧಿಸಿದನು; ಅದರೊಡನೆ, ಮನೆಯಲ್ಲಿ ಸ್ವಂತಕ್ಕಾಗಿ ತಯಾರಿಸುವವರೂ ಪರವಾನಗಿಯನ್ನು ಪಡೆಯಬೇಕೆಂಬ ನಿಯಮ ಬಂದಿತು. ತಂದೆಗೆ ಕಾಣದಂತೆ ಅಳೆಯುತ್ತಿದ್ದ ತರುಣನ ಸಾಧನವು ನೂರು ವರ್ಷಗಳಲ್ಲಿ ಸುಂಕದವನ ಕಣ್ಣಾಯಿತು. ಹಳ್ಳಿಯ ಮನೆಗಳಲ್ಲಿ ಉಳಿದಿದ್ದ ಹಂಡೆಗಳು ಬಹುಮಟ್ಟಿಗೆ ಆರಿಹೋದುವು.

ಆದರೆ ಅಂಕೆಗೆ ಇನ್ನೊಂದು ಸ್ವಭಾವವೂ ಉಂಟು: ಅದು ಯಾರ ಆಸ್ತಿಯಾಗಿಯೂ ಉಳಿಯುವುದಿಲ್ಲ. ಬ್ರಿಟನ್ನು 1963ರಲ್ಲಿ ಆ ಪರವಾನಗಿಯನ್ನು ರದ್ದುಮಾಡಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಮನೆಯ ಬಿಯರನ್ನು ತೆರಿಗೆಯಿಂದ ಬಿಡುಗಡೆ ಮಾಡುವ ಶಾಸನಕ್ಕೆ ಸಹಿ ಹಾಕಿದನು. ಕೆಲಸವು ಮತ್ತೆ ಅಡಿಗೆಮನೆಗೆ ಬಂದಿತು. ಇಂದು ಆ ದೇಶಗಳಲ್ಲಿ ಕಾಳಿನಿಂದಲೇ ಆರಂಭಿಸಿ ಬಿಯರು ಮಾಡುವ ಗೃಹಸ್ಥನು, ಊಟದ ತಂಪು ಕಾಯುವ ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ 73 ಡಿಗ್ರಿಯ ನೀರನ್ನು ಸುರಿದು, ಮಾಲ್ಟನ್ನು ಬೆರೆಸಿ, 66ರಲ್ಲಿ ನಿಂತಿತೇ ಎಂದು ನೋಡಿ ಮುಚ್ಚಳವಿಕ್ಕುತ್ತಾನೆ. ಕುದಿಸಿದ ರಸವನ್ನು ತಾಮ್ರದ ಸುರುಳಿಯಿಂದ ಬೇಗನೆ ಆರಿಸುತ್ತಾನೆ. ಹಳೆಯ ಶೀತಪೆಟ್ಟಿಗೆಗೆ ಸಣ್ಣದೊಂದು ವಿದ್ಯುನ್ನಿಯಂತ್ರಕವನ್ನು ಜೋಡಿಸಿ, ಯೀಸ್ಟಿಗೆ ಬೇಕಾದ 18 ಡಿಗ್ರಿಯನ್ನೋ 10 ಡಿಗ್ರಿಯನ್ನೋ ಹಗಲಿರುಳು ಕಾಯುತ್ತಾನೆ. ಡ್ಯೂಕ್ ಆಲ್ಬ್ರೆಕ್ಟನ ಪಂಚಾಂಗ ಅವನಿಗೆ ಅನ್ವಯಿಸದು. ಕೋಂಬ್ರೂನ, ಬ್ಯಾವರ್‌ಸ್ಟಾಕ್, ಲಿಂಡೆ ಮೊದಲಾದವರ ಒಂದೂವರೆ ಶತಮಾನದ ಪರಿಶ್ರಮವು ಅವನ ಮನೆಯ ಮೂಲೆಯಲ್ಲಿ ಕುಳಿತು ದುಡಿಯುತ್ತಿರುತ್ತದೆ.

ಹಾಗೆಂದು ಹದವು ಸತ್ತಿತೇ? ನಮಗೆ ಹಾಗೆ ತೋರುವುದಿಲ್ಲ. ಮಾಪಕವು ತಾನು ಮುಳುಗಿದ ಎಡೆಯ ಬಿಸಿಯನ್ನು ಮಾತ್ರ ಹೇಳಬಲ್ಲದು. ಅಂಬಲಿಯ ನಡುವೆ 69, ಅಂಚಿನಲ್ಲಿ 62 ಇರುವುದು ಅಪರೂಪವಲ್ಲ. ಎಲ್ಲಿ ಅದ್ದಬೇಕು, ಎಷ್ಟು ಕಲಕಿದ ಮೇಲೆ ಅದ್ದಬೇಕು, ಬಂದ ಅಂಕೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಮತ್ತೆ ಅನುಭವವೇ ಹೇಳಬೇಕು. ಮಾಪಕವನ್ನು ಕರಗುವ ಮಂಜಿನಲ್ಲಿಯೂ ಕುದಿಯುವ ನೀರಿನಲ್ಲಿಯೂ ಇಟ್ಟು ಅದರ ಸತ್ಯವನ್ನು ಪರೀಕ್ಷಿಸಬೇಕು. ಆ ಪರೀಕ್ಷೆಗೂ ಆಧಾರ, ಹಳೆಯ ತಯಾರಕನು ನೆಚ್ಚಿದ್ದಂಥ ಸ್ಥಿರಬಿಂದುಗಳೇ.

ಅಂಕೆಯು ಹದವನ್ನು ಸುಳ್ಳೆಂದು ತೋರಿಸಲಿಲ್ಲ; ಎಷ್ಟೋ ಕಡೆ ಅದನ್ನು ನಿಜವೆಂದು ಸಮರ್ಥಿಸಿತು. ಬವೇರಿಯದ ಮೂರು ಮೆಟ್ಟಿಲುಗಳೂ ಎರಡು ಕೊಡಕ್ಕೆ ಒಂದು ಕೊಡವೆಂಬ ಲೆಕ್ಕವೂ ಪಾದರಸದ ಪರೀಕ್ಷೆಯಲ್ಲಿ ಗೆದ್ದವು; ಕಂದು ಮಾಲ್ಟು ಅಗ್ಗವೆಂಬ ನಂಬಿಕೆ ಸೋತಿತು. ಯಾವುದು ಗೆಲ್ಲುವುದು, ಯಾವುದು ಸೋಲುವುದು ಎಂಬುದು ಅಳೆಯುವ ಮುನ್ನ ಯಾರಿಗೂ ತಿಳಿದಿರಲಿಲ್ಲ. ಅಳತೆಯ ಉಪಕಾರವೆಂದರೆ ಇದು: ಒಬ್ಬನ ಕೈಯಲ್ಲಿ ಹುಟ್ಟಿ ಅವನೊಡನೆ ಸಾಯಬೇಕಾಗಿದ್ದ ತಿಳಿವನ್ನು ಪರೀಕ್ಷೆಗೊಡ್ಡಿ, ಗಟ್ಟಿಯಾದುದನ್ನು ಎಲ್ಲರ ಸೊತ್ತಾಗಿ ಮಾಡುವುದು. ನಮ್ಮ ಗಾಣದ ಮನೆಗಳಲ್ಲಿ, ಬಣ್ಣದ ತೊಟ್ಟಿಗಳಲ್ಲಿ, ಅಡಿಗೆಮನೆಗಳಲ್ಲಿ ಬರೆಯದೆ ಉಳಿದ ಹದಗಳು ಇನ್ನೂ ಅನೇಕವಿವೆ. ಅವನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಉಷ್ಣಮಾಪಕವನ್ನು ಬಚ್ಚಿಟ್ಟುಕೊಳ್ಳದೆ, ವಿನಯದಿಂದ ಕೈಯಲ್ಲಿ ಹಿಡಿದು ನಿಲ್ಲುವ ಮಕ್ಕಳು ಬೇಕು. ಅದನ್ನು ಕಂಡು ಮುನಿಯದ ಹಿರಿಯರೂ ಬೇಕು.